ಹೊಗೆಯಿಂದ ಹೊನ್ನು: ವಿದ್ಯುತ್ತು ಯಾರದು? ಫಲ ಯಾರಿಗೆ?

ಕಾರ್ಖಾನೆಗಳ ಚಿಮಣಿಯಿಂದ ಹೊರಡುವ ಹೊಗೆಯನ್ನು ಹಿಡಿದು, ವಿದ್ಯುಚ್ಛಕ್ತಿಯ ಬಲದಿಂದ ಅದನ್ನು ಮಾರ್ಪಡಿಸಿ, ಜನರ ಉಪಯೋಗಕ್ಕೆ ಬರುವ ರಾಸಾಯನಿಕ ವಸ್ತುಗಳನ್ನು ತಯಾರಿಸಬಹುದೆಂಬ ಮಾತು ಈಗ ಬಲವಾಗಿ ಕೇಳಿಬರುತ್ತಿದೆ. ಹೊಗೆಯನ್ನು ಹಿಡಿಯುವ ಮತ್ತು ಬಳಸುವ ಕುರಿತು ಕೇಂದ್ರದ ನೀತಿ ಆಯೋಗವು 2022ರ ನವೆಂಬರಿನಲ್ಲಿ ಒಂದು ವರದಿಯನ್ನೇ ಹೊರಡಿಸಿತು. ಉಕ್ಕು, ಸಿಮೆಂಟು, ಕಲ್ಲಿದ್ದಲ ವಿದ್ಯುತ್ತು ಈ ಮೂರರ ಉದ್ಯಮಪತಿಗಳೂ ಈ ಮಾತನ್ನು ಉತ್ಸಾಹದಿಂದ ಆಡುತ್ತಿದ್ದಾರೆ. ಹೊಗೆ ಇನ್ನು ಕಸವಲ್ಲ, ಕಚ್ಚಾಮಾಲು ಎಂಬುದು ಅವರ ಮಾತಿನ ತಾತ್ಪರ್ಯ.

ಇದು ಪ್ರಯೋಗಶಾಲೆಯ ವಿಷಯ, ರೈತರಿಗೂ ಕಾರ್ಮಿಕರಿಗೂ ಇದರಲ್ಲೇನು ಕೆಲಸ ಎಂದು ಕೆಲವು ಓದುಗರು ಕೇಳಬಹುದು. ಕೆಲಸವಿದೆ. ಹೊಗೆಯನ್ನು ರಸಾಯನವಾಗಿ ಮಾಡುವ ವಿದ್ಯೆಯ ಗುಟ್ಟೆಲ್ಲ ಇರುವುದು ವಿದ್ಯುತ್ತಿನಲ್ಲಿ. ವಿದ್ಯುತ್ತಿನ ಪ್ರಶ್ನೆ ಬಂದ ಮೇಲೆ ನೀರಿನ ಪ್ರಶ್ನೆ ಬಂತು, ನೆಲದ ಪ್ರಶ್ನೆ ಬಂತು, ಪಂಪುಸೆಟ್ಟಿನ ಪ್ರಶ್ನೆಯೂ ಬಂತು. ಶರಾವತಿಯ ದಡದಲ್ಲಿ ಮನೆ ಮಠ ಕಳೆದುಕೊಂಡವರ ಜಿಲ್ಲೆಗೆ ಈ ವಿಷಯ ಹೊರಗಿನದಲ್ಲ.

ಮೊದಲು ಸಂಗತಿಯನ್ನು ತಿಳಿಯೋಣ. ಉಕ್ಕಿನ ಕಾರ್ಖಾನೆಯಿಂದ ಹೊರಡುವುದು ಒಂದೇ ಬಗೆಯ ಹೊಗೆಯಲ್ಲ. ಕಬ್ಬಿಣ ಕರಗಿಸುವ ಊದು ಕುಲುಮೆಯ ಅನಿಲದಲ್ಲಿ ಸುಮಾರು ಅರ್ಧದಷ್ಟು ಸಾರಜನಕವಿರುತ್ತದೆ. ಉಳಿದ ಅರ್ಧದಲ್ಲಿ ಹೆಚ್ಚಿನದೆಲ್ಲ ಇಂಗಾಲದ ಮಾನಾಕ್ಸೈಡು ಮತ್ತು ಇಂಗಾಲಾಮ್ಲ, ಅಂದರೆ ಈಗಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡು ಎಂದು ಕರೆಯುವ ಅನಿಲ. ಕಲ್ಲಿದ್ದಲನ್ನು ಕೋಕ್ ಮಾಡುವ ಒಲೆಯ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಜಲಜನಕ. ಇವುಗಳಲ್ಲಿ ಉರಿಯುವಂಥದನ್ನು ಕಾರ್ಖಾನೆಯವರು ಈಗಾಗಲೇ ಉರಿಸಿ ಶಾಖವನ್ನೋ ವಿದ್ಯುತ್ತನ್ನೋ ಪಡೆಯುತ್ತಾರೆ. ಉರಿದ ಮೇಲೆ ಉಳಿಯುವುದು ಇಂಗಾಲಾಮ್ಲ. ಕಲ್ಲಿದ್ದಲಿನಿಂದ ಒಂದು ಟನ್ ಉಕ್ಕು ತಯಾರಾಗುವಾಗ ಎರಡು ಟನ್ನಿಗೂ ಹೆಚ್ಚು ಇಂಗಾಲಾಮ್ಲ ಆಕಾಶಕ್ಕೆ ಹೋಗುತ್ತದೆ. ಭೂಮಿಯ ಮೇಲಿನ ಬಿಸಿಯನ್ನು ಹೆಚ್ಚಿಸಿ, ಮಳೆಯ ಕಾಲವನ್ನು ಏರುಪೇರು ಮಾಡುತ್ತಿರುವ ಅನಿಲಗಳಲ್ಲಿ ಇದೇ ಮುಖ್ಯವಾದದ್ದು.

ವಿದ್ಯುತ್ತಿನಿಂದ ಇದನ್ನು ಒಡೆಯುವುದು ಹೇಗೆ? ಪ್ರೌಢಶಾಲೆಯಲ್ಲಿ ಮಾಡಿಸುವ ಒಂದು ಪ್ರಯೋಗವನ್ನು ಓದುಗರು ನೆನೆದುಕೊಳ್ಳಬೇಕು. ಗಾಜಿನ ಪಾತ್ರೆಯ ನೀರಿಗೆ ನಾಲ್ಕು ಹನಿ ಆಮ್ಲ ಬೆರೆಸಿ, ಎರಡು ಕಡ್ಡಿಗಳನ್ನಿಳಿಸಿ, ಬ್ಯಾಟರಿಯ ತಂತಿ ಜೋಡಿಸಿದರೆ ಒಂದು ಕಡ್ಡಿಯ ಬಳಿ ಜಲಜನಕವೂ ಇನ್ನೊಂದರ ಬಳಿ ಆಮ್ಲಜನಕವೂ ಗುಳ್ಳೆಗಳಾಗಿ ಏಳುತ್ತವೆ. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಸಿ ಕಾಸ್ಟಿಕ್ ಸೋಡಾ ತಯಾರಿಸುವುದೂ ಇದೇ ತತ್ವದಿಂದ. ಆ ಪಾತ್ರೆಯ ನೀರಿನೊಡನೆ ಇಂಗಾಲಾಮ್ಲವನ್ನೂ ಸೇರಿಸಿ, ಕಡ್ಡಿಯನ್ನು ತಕ್ಕ ಲೋಹದಿಂದ ಮಾಡಿದರೆ, ಇಂಗಾಲಾಮ್ಲವೂ ಒಡೆದು ಬೇರೆ ವಸ್ತುವಾಗುತ್ತದೆ. ಬೆಳ್ಳಿಯ ಕಡ್ಡಿಯಾದರೆ ಇಂಗಾಲದ ಮಾನಾಕ್ಸೈಡು ಬರುತ್ತದೆ. ತವರ ಅಥವಾ ಬಿಸ್ಮತ್ ಆದರೆ ಫಾರ್ಮಿಕ್ ಆಮ್ಲ ಬರುತ್ತದೆ. ತಾಮ್ರವಾದರೆ ಪ್ಲಾಸ್ಟಿಕ್ಕಿಗೆ ಮೂಲವಾದ ಎಥಿಲೀನು, ಮದ್ಯಸಾರ ಮೊದಲಾದ ಹಲವು ವಸ್ತುಗಳು ಬೆರೆತು ಬರುತ್ತವೆ. ತಾಮ್ರದ ಈ ಗುಣವನ್ನು 1980ರ ದಶಕದ ನಡುವಿನಲ್ಲಿ ತೋರಿಸಿಕೊಟ್ಟವರು ಜಪಾನಿನ ಯೋಶಿಯೋ ಹೋರಿ ಎಂಬ ವಿಜ್ಞಾನಿ.

ಇನ್ನೊಂದು ದಾರಿಯೂ ಉಂಟು. ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು, ಅದನ್ನು ಇಂಗಾಲಾಮ್ಲದೊಡನೆ ಬಿಸಿಯಲ್ಲಿ, ಒತ್ತಡದಲ್ಲಿ ಸೇರಿಸಿದರೆ ಮೆಥನಾಲು ಎಂಬ ಮದ್ಯಸಾರವಾಗುತ್ತದೆ. ಬಣ್ಣ, ಪ್ಲೈವುಡ್ಡಿನ ಅಂಟು, ಔಷಧ ಮೊದಲಾದವುಗಳಿಗೆ ಇದು ಬೇಕು. ಭಾರತವು ತನಗೆ ಬೇಕಾದ ಮೆಥನಾಲಿನ ಬಹುಪಾಲನ್ನು ಪರದೇಶಗಳಿಂದ ತರಿಸಿಕೊಳ್ಳುತ್ತಿದೆ.

ಇಷ್ಟು ಕೇಳಿದವರಿಗೆ ಇದು ಲೋಕದ ಹೊಸ ಚಮತ್ಕಾರವೆಂದು ತೋರಬಹುದು. ಆದರೆ ಹೊಗೆಯನ್ನು ಹಿಡಿದು ಮಾಲು ಮಾಡುವ ಕೆಲಸ ನಮ್ಮ ಜಿಲ್ಲೆಯಲ್ಲಿಯೇ ನೂರು ವರ್ಷಗಳ ಹಿಂದೆ ನಡೆದಿತ್ತೆಂಬುದನ್ನು ಇಂದಿನ ತರುಣರು ತಿಳಿದಿರಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಹೊತ್ತಿಕೊಂಡಿತು. ಅದಕ್ಕೆ ಉರುವಲು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಮರವನ್ನು ಬಯಲಿನಲ್ಲಿ ಸುಟ್ಟು ಇದ್ದಿಲು ಮಾಡಿದರೆ ಹೊಗೆಯೆಲ್ಲ ಗಾಳಿಯ ಪಾಲು. ಭದ್ರಾವತಿಯಲ್ಲಿ ಹಾಗೆ ಮಾಡಲಿಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ, ಏಳುವ ಹೊಗೆಯನ್ನು ತಣಿಸಿ, ಅದರಿಂದ ಮರದ ಮದ್ಯಸಾರವನ್ನೂ ಸುಣ್ಣದ ಅಸಿಟೇಟನ್ನೂ ಟಾರನ್ನೂ ತೆಗೆಯುತ್ತಿದ್ದರು. ಮರದ ಮದ್ಯಸಾರವೆಂದರೆ ಇಂದು ಹೊಗೆಯಿಂದ ತೆಗೆಯುವೆವೆಂದು ಹೇಳುತ್ತಿರುವ ಅದೇ ಮೆಥನಾಲು. ಮುಂದೆ 1950ರ ದಶಕದಲ್ಲಿ ಜೋಗದ ವಿದ್ಯುತ್ತು ಭದ್ರಾವತಿಯನ್ನು ತಲುಪಿ ವಿದ್ಯುತ್ ಕುಲುಮೆಗಳು ಬಂದವು. ಇದ್ದಿಲಿನ ಕೆಲಸದಲ್ಲಿ ಒಂದು ಪಾಲನ್ನು ವಿದ್ಯುತ್ತು ವಹಿಸಿಕೊಂಡಿತು.

ಈ ಹಿರಿಮೆಯನ್ನು ನೆನೆಯುವಾಗ ಅದರ ಬೆಲೆಯನ್ನೂ ನೆನೆಯಬೇಕು. ಆ ಇದ್ದಿಲಿಗಾಗಿ ಮಲೆನಾಡಿನ ಕಾಡು ಕಡಿಯಲ್ಪಟ್ಟಿತು. ಹೊಗೆಯ ಪ್ರತಿಯೊಂದು ಹನಿಯನ್ನೂ ಜಾಣತನದಿಂದ ಹಿಡಿದ ಕಾರ್ಖಾನೆಗೆ ಹೊಗೆಯ ಹಿಂದಿನ ಮರ ಲೆಕ್ಕಕ್ಕೆ ಬರಲಿಲ್ಲ. ಇಂದಿನ ಹೊಸ ವಿದ್ಯೆಯನ್ನು ಪರೀಕ್ಷಿಸುವಾಗ ನಾವು ಕೇಳಬೇಕಾದ ಪ್ರಶ್ನೆಯೂ ಇದೇ. ಹೊಗೆಯಿಂದ ಏನು ಬಂತು ಎಂಬುದನ್ನು ಮಾತ್ರ ನೋಡಿದರೆ ಸಾಲದು. ಅದನ್ನು ತರಲು ಏನು ಹೋಯಿತು ಎಂಬುದನ್ನೂ ನೋಡಬೇಕು.

ಇಲ್ಲಿ ಹೋಗುವುದು ವಿದ್ಯುತ್ತು. ಇಂಗಾಲಾಮ್ಲವೆಂದರೆ ಪೂರಾ ಉರಿದು ಮುಗಿದ ಇಂಗಾಲ. ಅದನ್ನು ಮತ್ತೆ ಉಪಯುಕ್ತ ವಸ್ತುವಾಗಿ ಮಾಡಲು ಹೊರಡುವುದು ಒಲೆಯ ಬೂದಿಯನ್ನು ತಿರುಗಿ ಸೌದೆ ಮಾಡಲು ಹೊರಟಂತೆ. ಉರಿಯುವಾಗ ಅದು ಎಷ್ಟು ಶಕ್ತಿಯನ್ನು ಕೊಟ್ಟಿತೋ ಅಷ್ಟನ್ನೂ, ಅದಕ್ಕಿಂತ ಹೆಚ್ಚನ್ನೂ, ನಾವು ಹಿಂದಕ್ಕೆ ತುಂಬಿಕೊಡಬೇಕು. ಗಿಡಮರಗಳು ಈ ಕೆಲಸವನ್ನು ಬಿಸಿಲಿನಿಂದ ಮಾಡುತ್ತವೆ, ಕಾರ್ಖಾನೆ ವಿದ್ಯುತ್ತಿನಿಂದ ಮಾಡಬೇಕಾಗುತ್ತದೆ. ಇದು ಯಾವ ವಿಜ್ಞಾನಿಯೂ ತಪ್ಪಿಸಲಾಗದ ಪ್ರಕೃತಿಯ ನಿಯಮ.

ಲೆಕ್ಕ ಹಾಕಿ ನೋಡೋಣ. ಒಂದು ಟನ್ ಮೆಥನಾಲಿಗೆ ಸುಮಾರು 1.4 ಟನ್ ಇಂಗಾಲಾಮ್ಲ ಬೇಕು, ಸುಮಾರು 190 ಕಿಲೋ ಜಲಜನಕ ಬೇಕು. ನೀರನ್ನು ಒಡೆದು ಒಂದು ಕಿಲೋ ಜಲಜನಕ ತೆಗೆಯಲು 50ಕ್ಕೂ ಹೆಚ್ಚು ಯೂನಿಟ್ಟು ವಿದ್ಯುತ್ತು ಖರ್ಚಾಗುತ್ತದೆ. ಎಲ್ಲ ಸೇರಿ ಒಂದು ಟನ್ ಮೆಥನಾಲಿಗೆ ಕಡಿಮೆಯೆಂದರೂ 10,000 ಯೂನಿಟ್ಟು. ಈ ವಿದ್ಯುತ್ತು ಕಲ್ಲಿದ್ದಲ ಸ್ಥಾವರದಿಂದ ಬಂದರೆ, ಯೂನಿಟ್ಟಿಗೆ ಸುಮಾರು 900 ಗ್ರಾಂ ಇಂಗಾಲಾಮ್ಲ ಅಲ್ಲಿ ಹೊರಬೀಳುತ್ತದೆ. ಅಂದರೆ 1.4 ಟನ್ ಹೊಗೆಯನ್ನು ನುಂಗಲು 9 ಟನ್ ಹೊಗೆಯನ್ನು ಉಗುಳಿದಂತಾಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹತ್ತಿರದ ಕುಡತಿನಿಯಲ್ಲಿಯೋ ರಾಯಚೂರಿನ ಶಕ್ತಿನಗರದಲ್ಲಿಯೋ ಕಲ್ಲಿದ್ದಲು ಸುಟ್ಟು, ಆ ವಿದ್ಯುತ್ತಿನಿಂದ ಹೊಗೆಯನ್ನು ರಸಾಯನ ಮಾಡಿದೆವೆಂದು ಯಾರಾದರೂ ಬೆನ್ನು ತಟ್ಟಿಕೊಂಡರೆ ಅದು ಜನರ ಕಣ್ಣಿಗೆ ಮಣ್ಣೆರಚುವ ಕೆಲಸ.

ಇರಲಿ, ನೀರಿನ ಮತ್ತು ಬಿಸಿಲಿನ ವಿದ್ಯುತ್ತನ್ನೇ ಕೊಡೋಣ ಎನ್ನಬಹುದು. ಅದಕ್ಕೂ ಲೆಕ್ಕವಿದೆ. ವರ್ಷಕ್ಕೆ ಒಂದು ಕೋಟಿ ಟನ್ ಉಕ್ಕು ತಯಾರಿಸುವ ಕಾರ್ಖಾನೆಯ ಹೊಗೆಯಲ್ಲಿ ಎರಡು ಕೋಟಿ ಟನ್ ಇಂಗಾಲಾಮ್ಲವಿದೆಯೆಂದಿಟ್ಟುಕೊಂಡರೆ, ಅದನ್ನೆಲ್ಲ ಮೆಥನಾಲು ಮಾಡಲು ಬೇಕಾಗುವುದು 14,000 ಕೋಟಿ ಯೂನಿಟ್ಟಿಗೂ ಹೆಚ್ಚು. ನಮ್ಮ ಶರಾವತಿ ವಿದ್ಯುದಾಗಾರದ ಶಕ್ತಿ 1,035 ಮೆಗಾವಾಟು. ಅದರ ಹತ್ತು ಯಂತ್ರಗಳೂ ಒಂದು ನಿಮಿಷ ನಿಲ್ಲದೆ ವರ್ಷವಿಡೀ ಓಡಿದರೂ ಹುಟ್ಟುವುದು ಸುಮಾರು 900 ಕೋಟಿ ಯೂನಿಟ್ಟು. ಹಾಗಾದರೆ ಒಂದು ಉಕ್ಕಿನ ಕಾರ್ಖಾನೆಯ ಹೊಗೆಗೆ ಹದಿನೈದು ಹದಿನಾರು ಶರಾವತಿಗಳು ಬೇಕಾದವು! ಇಡೀ ಕರ್ನಾಟಕ ಒಂದು ವರ್ಷ ಬಳಸುವ ವಿದ್ಯುತ್ತಿಗಿಂತ ಇದು ಹೆಚ್ಚು. ಹಾಗೆ ಬರುವ ಮೆಥನಾಲೋ, ಭಾರತ ದೇಶವೆಲ್ಲ ಸೇರಿ ಒಂದು ವರ್ಷ ಬಳಸುವುದು ಅದರ ಅರ್ಧದಷ್ಟೂ ಇಲ್ಲ. ಆ ಮೆಥನಾಲನ್ನು ಇಂಧನವಾಗಿ ಉರಿಸಿದರೆ ಅದರೊಳಗಿನ ಇಂಗಾಲ ಮತ್ತೆ ಹೊಗೆಯಾಗಿ ಗಾಳಿಗೇ ಸೇರುತ್ತದೆ. ಹೊಗೆಯನ್ನೆಲ್ಲ ರಸಾಯನ ಮಾಡಿ ಮುಗಿಸುತ್ತೇವೆಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಪರದೇಶದಲ್ಲಿ, ನಮ್ಮ ದೇಶದಲ್ಲಿ ಇದುವರೆಗೆ ನಡೆದಿರುವ ಪ್ರಯತ್ನಗಳೂ ಇದನ್ನೇ ಹೇಳುತ್ತವೆ. ಐಸ್‌ಲೆಂಡಿನಲ್ಲಿ 2012ರಲ್ಲಿ ವರ್ಷಕ್ಕೆ 4,000 ಟನ್ ಮೆಥನಾಲು ತಯಾರಿಸುವ ಸ್ಥಾವರ ಆರಂಭವಾಯಿತು. ಅಲ್ಲಿ ಭೂಮಿಯೊಳಗಿನ ಶಾಖದಿಂದಲೂ ನದಿಗಳಿಂದಲೂ ಬೇಕಾದಷ್ಟು ವಿದ್ಯುತ್ತುಂಟು. ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ ಉಕ್ಕಿನ ಕಾರ್ಖಾನೆಯ ಅನಿಲದಿಂದ 2018ರಲ್ಲಿ ಮೆಥನಾಲು ತೆಗೆದರು. ಅದರ ಹಿಂದೆ ಆ ದೇಶದ ಸರ್ಕಾರದ ಹಣವಿತ್ತು. ಚೀನಾದ ಹೆನಾನ್ ಪ್ರಾಂತದ ಆನ್ಯಾಂಗಿನಲ್ಲಿ 2022ರಲ್ಲಿ ವರ್ಷಕ್ಕೆ 1,10,000 ಟನ್ ಮೆಥನಾಲಿನ ದೊಡ್ಡ ಸ್ಥಾವರ ಶುರುವಾಯಿತು. ಅಲ್ಲಿಗೆ ಜಲಜನಕ ಬಂದದ್ದು ಕೋಕ್ ಒಲೆಯ ಅನಿಲದಿಂದಲೇ ಹೊರತು ವಿದ್ಯುತ್ತಿನಿಂದಲ್ಲ ಎಂಬುದು ಗಮನಿಸಬೇಕಾದ ಮಾತು. ನಮ್ಮ ಎನ್‌ಟಿಪಿಸಿ ಸಂಸ್ಥೆ ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ದಿನಕ್ಕೆ 20 ಟನ್ ಇಂಗಾಲಾಮ್ಲವನ್ನು ಹೊಗೆಯಿಂದ ಹಿಡಿದು, ವಿದ್ಯುತ್ತಿನಿಂದ ತೆಗೆದ ಜಲಜನಕದೊಡನೆ ಸೇರಿಸಿ, 2024ರ ನವೆಂಬರಿನಲ್ಲಿ ಮೆಥನಾಲು ತಯಾರಿಸಿತು. ಇದು ಸಾರ್ವಜನಿಕ ರಂಗದ ಸಾಧನೆ, ನಾವು ಅಭಿನಂದಿಸುತ್ತೇವೆ. ಆದರೆ ವಿಂಧ್ಯಾಚಲ 4,760 ಮೆಗಾವಾಟಿನ ಕಲ್ಲಿದ್ದಲ ಸ್ಥಾವರ. ಅದು ಪೂರ್ಣ ಶಕ್ತಿಯಿಂದ ಓಡಿದ ದಿನ ಉಗುಳುವ ಇಂಗಾಲಾಮ್ಲ ಸುಮಾರು ಒಂದು ಲಕ್ಷ ಟನ್. ಒಂದು ಲಕ್ಷದೆದುರು ಇಪ್ಪತ್ತು! ಅಭಿನಂದನೆಯ ಜೊತೆಗೆ ಈ ಅಂಕಿಗಳನ್ನೂ ಹೇಳಬೇಕಾದುದು ಪತ್ರಿಕೆಯ ಧರ್ಮ.

ವಿದ್ಯುತ್ತನ್ನು ನಂಬಿದ ರಸಾಯನ ಉದ್ಯಮಕ್ಕೆ ವಿದ್ಯುತ್ತು ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಎರಡು ಪಾಠಗಳಿವೆ. ನಾರ್ವೆ ದೇಶದಲ್ಲಿ 1905ರಲ್ಲಿ ವಿದ್ಯುತ್ತಿನ ಮಿಂಚಿನಿಂದ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ತಯಾರಿಸತೊಡಗಿದರು. ಜಲಪಾತಗಳ ಅಗ್ಗದ ವಿದ್ಯುತ್ತಿದ್ದ ಕಡೆ ಅದು ಕೆಲವು ಕಾಲ ನಡೆಯಿತು. ಕಡಿಮೆ ಶಕ್ತಿ ಬೇಡುವ ಜರ್ಮನಿಯ ವಿಧಾನ ಬಂದೊಡನೆ ಹಿಂದೆ ಬಿತ್ತು. ನಮ್ಮ ದೇಶದ ನಂಗಲ್‌ನಲ್ಲಿ 1961ರಲ್ಲಿ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ಒಡೆದು, ಆ ಜಲಜನಕದಿಂದ ಗೊಬ್ಬರ ಮಾಡುವ ಸರ್ಕಾರಿ ಕಾರ್ಖಾನೆ ಶುರುವಾಯಿತು. ಆ ವಿದ್ಯುತ್ತಿಗೆ ಹೊಲದ ಪಂಪುಗಳಿಂದಲೂ ಊರುಗಳಿಂದಲೂ ಬೇಡಿಕೆ ಬೆಳೆಯಿತು. 1970ರ ದಶಕದ ಕೊನೆಯ ಹೊತ್ತಿಗೆ ನಂಗಲ್ ಎಣ್ಣೆಯಿಂದ ಜಲಜನಕ ತೆಗೆಯುವ ದಾರಿ ಹಿಡಿಯಿತು. ವಿದ್ಯೆ ಸೋಲಲಿಲ್ಲ, ವಿದ್ಯುತ್ತು ಸಾಲಲಿಲ್ಲ. ಇಂದು ಹೊಗೆಯ ರಸಾಯನಕ್ಕೆ ಹೊರಟವರು ನಂಗಲ್‌ನ ಪಾಠವನ್ನು ಮರೆಯಬಾರದು.

ವಿದ್ಯುತ್ತು ಆಕಾಶದಿಂದ ಪುಕ್ಕಟೆ ಉದುರುವುದಲ್ಲ ಎಂಬುದನ್ನು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಮುಳುಗಿದ ಗದ್ದೆ ತೋಟಗಳನ್ನು ಬಿಟ್ಟು ಬಂದ ಕುಟುಂಬಗಳಲ್ಲಿ ಅನೇಕರಿಗೆ ಆರು ದಶಕ ಕಳೆದರೂ ತಾವು ಉಳುವ ನೆಲಕ್ಕೆ ಹಕ್ಕುಪತ್ರವಿಲ್ಲ. ನಾಡಿಗೆ ಬೆಳಕು ಕೊಟ್ಟವರು ಇಂದಿಗೂ ಕಚೇರಿಗಳ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿದ್ದಾರೆ. ಬಿಸಿಲಿನ ವಿದ್ಯುತ್ತಿಗೂ ನೆಲ ಬೇಕು. ಪಾವಗಡದ ಸೌರ ಉದ್ಯಾನ 2,050 ಮೆಗಾವಾಟಿನದು, ಅದಕ್ಕೆ ಹಿಡಿದ ನೆಲ ಸುಮಾರು 13,000 ಎಕರೆ. ಅಲ್ಲಿ ಸರ್ಕಾರ ರೈತರಿಂದ ನೆಲವನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲುಮಾಡಿ ಗೇಣಿಗೆ ಪಡೆಯಿತು. ಭೂಮಿಯ ಒಡೆತನ ರೈತನಲ್ಲಿಯೇ ಉಳಿದದ್ದು ಒಳ್ಳೆಯದು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ನೆಲವಿಲ್ಲದವನಿಗೆ ಗೇಣಿಯೂ ಇಲ್ಲ, ಕೂಲಿಯೂ ಇಲ್ಲ. ಆದ್ದರಿಂದ ಒಂದು ಯೂನಿಟ್ಟನ್ನು ಹೊಗೆಗೆ ಸುರಿಯುವ ಮುಂಚೆ ಆ ಯೂನಿಟ್ಟಿನ ಹಿಂದೆ ಯಾರ ಬದುಕಿದೆ ಎಂದು ಕೇಳುವ ಹಕ್ಕು ಜನರಿಗಿದೆ. ಪಂಪುಸೆಟ್ಟಿಗೆ ಏಳು ಗಂಟೆ ಮೂರು ಫೇಸಿನ ವಿದ್ಯುತ್ತು ಸರಿಯಾಗಿ ಸಿಗದೆ ರಾತ್ರಿ ತೋಟಕ್ಕೆ ಹೋಗಿ ಹಾವು ತುಳಿಯುವ ರೈತನಿಗೆ ಈ ಹಕ್ಕು ಎಲ್ಲರಿಗಿಂತ ಹೆಚ್ಚಾಗಿದೆ.

ಇನ್ನೊಂದು ಸಂಗತಿಯನ್ನು ಬಿಚ್ಚಿ ಹೇಳಬೇಕು. ಕಾರ್ಖಾನೆಯ ಸುತ್ತಲ ಹಳ್ಳಿಯವರ ಎದೆ ಕೆಡಿಸುವುದು ಇಂಗಾಲಾಮ್ಲವಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಯ ಮೇಲೆ, ಬೆಳೆಯ ಮೇಲೆ, ಮಕ್ಕಳ ಉಸಿರಿನಲ್ಲಿ ಕೂರುವುದು ದೂಳು ಮತ್ತು ಗಂಧಕದ ಅನಿಲ. ಹೊಗೆಯನ್ನು ರಸಾಯನ ಮಾಡುವ ಲೋಹದ ಕಡ್ಡಿಗಳಿಗೂ ಈ ಗಂಧಕವೇ ವಿಷ. ಗಂಧಕವನ್ನು ತೊಳೆಯದ ಹೊಗೆಯನ್ನು ಒಳಗೆ ಬಿಟ್ಟರೆ ಕಡ್ಡಿಗಳು ಬೇಗನೆ ಕೆಟ್ಟುಹೋಗುತ್ತವೆ. ಹೀಗಿರುವಾಗ ಕೇಂದ್ರ ಸರ್ಕಾರ ಮಾಡಿದ್ದೇನು? ಕಲ್ಲಿದ್ದಲ ಸ್ಥಾವರಗಳ ಗಂಧಕದ ಹೊಗೆಗೆ 2015ರಲ್ಲಿ ಮಿತಿ ಗೊತ್ತುಮಾಡಿ, ಗಡುವನ್ನು ಮೇಲಿಂದ ಮೇಲೆ ಮುಂದೂಡಿ, ಕೊನೆಗೆ 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ತೊಳೆಯುವ ಯಂತ್ರ ಹಾಕುವುದರಿಂದ ವಿನಾಯಿತಿಯನ್ನೇ ಕೊಟ್ಟಿತು. ಗಂಧಕ ತೊಳೆಯುವ ಖರ್ಚು ಭಾರವೆನ್ನುವವರು ಹೊಗೆಯಿಂದ ಹೊನ್ನು ತೆಗೆಯುವ ಮಾತಾಡಿದರೆ ನಂಬುವುದು ಹೇಗೆ? ಮೊದಲು ಹಳ್ಳಿಯವರ ಉಸಿರಿಗಾಗಿ ಹೊಗೆ ತೊಳೆಯಲಿ, ರಸಾಯನದ ಮಾತು ಆಮೇಲೆ.

ಹಾಗಾದರೆ ಈ ವಿದ್ಯೆಯೇ ಬೇಡವೇ? ನಮ್ಮ ಸಂಗಾತಿಗಳಲ್ಲಿ ಕೆಲವರು ಇದೆಲ್ಲ ಬಂಡವಾಳಗಾರರ ಹೊಸ ಮೋಸವೆಂದು ಕೈಕೊಡವುತ್ತಾರೆ. ಅದು ನಮ್ಮ ಅಭಿಪ್ರಾಯವಲ್ಲ. ವಿಜ್ಞಾನ ಯಾರ ಮನೆಯ ಆಸ್ತಿಯೂ ಅಲ್ಲ. ಅದನ್ನು ಶ್ರೀಮಂತರ ಕೈಗೆ ಬಿಟ್ಟು ದೂರ ನಿಂತು ಶಪಿಸುವುದು ಸಮಾಜವಾದವೂ ಅಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊಫೆಸರ್ ಸೆಬಾಸ್ಟಿಯನ್ ಪೀಟರ್ ಅವರ ತಂಡ ಇಂಗಾಲಾಮ್ಲವನ್ನು ಮೆಥನಾಲು ಮಾಡುವ ಕೆಲಸದಲ್ಲಿ ತೊಡಗಿ, 2018ರಲ್ಲಿ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯ ಕೊನೆಯ ಹತ್ತರಲ್ಲಿ ಒಂದಾಗಿ ನಿಂತಿತು. ಇಂಥ ಬುದ್ಧಿ ನಮ್ಮ ನಾಡಿನಲ್ಲಿದೆ. ಅದಕ್ಕೆ ಎಲ್ಲಿ, ಯಾವ ಅಳತೆಯ ಕೆಲಸ ಕೊಡಬೇಕೆಂಬುದೇ ಪ್ರಶ್ನೆ.

ಡಾ. ಲೋಹಿಯಾ ಅವರು 1952ರಲ್ಲಿ ಪಚ್‌ಮಢಿಯ ಸಮ್ಮೇಳನದಲ್ಲಿ ಸಣ್ಣ ಯಂತ್ರದ ವಿಚಾರವನ್ನು ಪಕ್ಷದ ಮುಂದಿಟ್ಟರು. ವಿದ್ಯುತ್ತಿನಿಂದ ನಡೆಯುವ, ಹಳ್ಳಿಗೂ ಸಣ್ಣ ಊರಿಗೂ ಒಗ್ಗುವ, ದುಡಿಯುವವರ ಹತೋಟಿಯಲ್ಲಿರುವ ಯಂತ್ರ ಬೇಕೆಂಬುದು ಅವರ ವಾದ. ಆ ವಾದಕ್ಕೆ ಇಲ್ಲಿ ಒಂದು ಒಳ್ಳೆಯ ಅವಕಾಶವಿದೆ. ಉಕ್ಕಿನ ಹೊಗೆಯಲ್ಲಿ ಇಂಗಾಲಾಮ್ಲ ಸಾರಜನಕದೊಡನೆ ಬೆರೆತಿದೆ, ಬೇರ್ಪಡಿಸಲು ಖರ್ಚು. ಆದರೆ ಸಕ್ಕರೆ ಕಾರ್ಖಾನೆಗಳ ಮಗ್ಗುಲಲ್ಲಿ ಕಾಕಂಬಿಯನ್ನು ಹುಳಿಹಿಡಿಸಿ ಮದ್ಯಸಾರ ತೆಗೆಯುವ ಡಿಸ್ಟಿಲರಿಗಳಿವೆಯಷ್ಟೆ? ಅಲ್ಲಿ ಹುಳಿಯುವ ತೊಟ್ಟಿಗಳಿಂದ ಏಳುವುದು ಹೆಚ್ಚುಕಡಿಮೆ ಶುದ್ಧ ಇಂಗಾಲಾಮ್ಲವೇ. ದಿನಕ್ಕೆ ಒಂದು ಲಕ್ಷ ಲೀಟರ್ ಮದ್ಯಸಾರ ತೆಗೆಯುವ ಡಿಸ್ಟಿಲರಿಯಿಂದ ಸುಮಾರು 75 ಟನ್ ಏಳುತ್ತದೆ. ಕಬ್ಬಿನ ಸಿಪ್ಪೆ ಉರಿಸಿ ಹುಟ್ಟಿಸಿದ ವಿದ್ಯುತ್ತೂ ಅನೇಕ ಸಕ್ಕರೆ ಕಾರ್ಖಾನೆಗಳಲ್ಲಿ ಸ್ಥಳದಲ್ಲಿಯೇ ಇದೆ.

ಅಲ್ಲಿ ಮೊದಲು ತಯಾರಿಸಲು ತಕ್ಕದ್ದು ಫಾರ್ಮಿಕ್ ಆಮ್ಲ. ಚಗಳಿ ಇರುವೆ ಕಚ್ಚಿದಾಗ ಉರಿಯುವುದಕ್ಕೆ ಕಾರಣವಾದ ಆಮ್ಲವೇ ಇದು. ಮಲೆನಾಡಿನ ಮತ್ತು ದಕ್ಷಿಣ ಕನ್ನಡದ ರಬ್ಬರ್ ಬೆಳೆಗಾರರಿಗೆ ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡಲು ಇದು ಬೇಕು. ಚರ್ಮ ಹದ ಮಾಡುವವರಿಗೆ ಬೇಕು, ದನದ ಹಸಿಮೇವನ್ನು ಕೆಡದಂತೆ ಇಡಲೂ ಬರುತ್ತದೆ. ಕಿಲೋ ಒಂದಕ್ಕೆ ಸುಮಾರು 4ರಿಂದ 5 ಯೂನಿಟ್ಟು ಸಾಕು, ಮೆಥನಾಲಿಗೆ ಬೇಕಾದುದರ ಅರ್ಧದಷ್ಟು. ಆಮ್ಲವನ್ನು ನೀರಿನಿಂದ ಬೇರ್ಪಡಿಸುವ ಖರ್ಚು ಇದಕ್ಕೆ ಸೇರಬೇಕು. ಕಡ್ಡಿಗಳು ಬಹುಕಾಲ ಬಾಳುವಂತೆ ಮಾಡುವ ಕೆಲಸವೂ ಉಳಿದಿದೆ. ಬಿಸಿಲಿನ ವಿದ್ಯುತ್ತನ್ನೇ ನೆಚ್ಚಿದರೆ ರಾತ್ರಿ ಯಂತ್ರ ಖಾಲಿ ನಿಲ್ಲುವ ತೊಡಕೂ ಉಂಟು. ಇವನ್ನು ಮುಚ್ಚಿಡುವುದಿಲ್ಲ. ಲೋಕಕ್ಕೆಲ್ಲ ಬೇಕಾದ ಫಾರ್ಮಿಕ್ ಆಮ್ಲವೂ ಬಹಳವೇನಲ್ಲ, ಇದರಿಂದ ನಾಡಿನ ಹೊಗೆ ತೀರುವುದೂ ಇಲ್ಲ. ಆದರೆ ರೈತರೇ ಪಾಲುದಾರರಾದ ಒಂದೆರಡು ಸಹಕಾರಿ ಕಾರ್ಖಾನೆಗಳಲ್ಲಿ ಒಂದು ಉಪಯುಕ್ತ ಉದ್ಯಮ ನೆಲೆಯೂರಬಹುದು, ವಿಜ್ಞಾನ ಓದಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಊರ ಹತ್ತಿರವೇ ಕೆಲಸವಾಗಬಹುದು. ದೊಡ್ಡ ಮಾತಿನ ದೊಡ್ಡ ಯೋಜನೆಗಿಂತ ಇದು ಮೇಲು.

ಭದ್ರಾವತಿಯ ಕಥೆ ಎಲ್ಲರಿಗೂ ಗೊತ್ತು. 1998ರಲ್ಲಿ ಉಕ್ಕು ಪ್ರಾಧಿಕಾರದೊಡನೆ ವಿಲೀನವಾದ ಕಾರ್ಖಾನೆಗೆ ಬೇಕಾದ ಬಂಡವಾಳ ಬರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಕಾರ್ಮಿಕರು ಬೀದಿಗಿಳಿದು ಹೋರಾಡಿದ ಮೇಲೆ ಅದೇ ವರ್ಷ ಒಂದು ವಿಭಾಗದಲ್ಲಿ ಮತ್ತೆ ಕೆಲಸ ಶುರುವಾಯಿತು. ಲೋಹವನ್ನೂ ವಿದ್ಯುತ್ತನ್ನೂ ರಸಾಯನವನ್ನೂ ಒಂದೇ ಅಂಗಳದಲ್ಲಿ ಕಂಡ ಊರು ಅದು. ಈ ಹೊಸ ವಿದ್ಯೆಯ ಯಂತ್ರಗಳನ್ನು ಕಟ್ಟುವ, ಪರೀಕ್ಷಿಸುವ, ಕಲಿಸುವ ಸರ್ಕಾರಿ ಕೇಂದ್ರಕ್ಕೆ ಅದಕ್ಕಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ಇನ್ನೆಲ್ಲಿದೆ?

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಕಲ್ಲಿದ್ದಲ ವಿದ್ಯುತ್ತಿನಿಂದ ಹೊಗೆಯನ್ನು ರಸಾಯನ ಮಾಡುವ ಯಾವ ಯೋಜನೆಗೂ ಸರ್ಕಾರದ ಕಾಸು ಸಲ್ಲಬಾರದು.

2. ಪಂಪುಸೆಟ್ಟು, ಮನೆ, ಶಾಲೆ, ಆಸ್ಪತ್ರೆ ಮತ್ತು ಸಣ್ಣ ಕೈಗಾರಿಕೆಗಳ ಪಾಲು ಸಂದ ಮೇಲೆ, ನಡುಹಗಲಲ್ಲಿ ಮಿಕ್ಕುವ ಬಿಸಿಲು ಮತ್ತು ಗಾಳಿಯ ವಿದ್ಯುತ್ತನ್ನು ಮಾತ್ರ ಈ ಕೆಲಸಕ್ಕೆ ಕೊಡಬೇಕು.

3. ದೂಳನ್ನೂ ಗಂಧಕವನ್ನೂ ತೊಳೆಯದ ಕಾರ್ಖಾನೆಗೆ ಹೊಗೆಯ ಹೆಸರಿನಲ್ಲಿ ಯಾವ ರಿಯಾಯಿತಿಯೂ ಕೂಡದು. ಹೊಗೆಯನ್ನು ಬಳಸುತ್ತೇವೆಂಬ ಮಾತನ್ನೇ ನೆಪ ಮಾಡಿ ಹೊಸ ಕುಲುಮೆಗಳಿಗೆ ಪರವಾನಗಿ ಕೊಡಲೂ ಕೂಡದು.

4. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಯ ಹಕ್ಕು ಸಾರ್ವಜನಿಕರದಾಗಿಯೇ ಉಳಿಯಬೇಕು. ಸಹಕಾರಿ ಸಂಘಗಳಿಗೆ ಅದು ಬೆಲೆಯಿಲ್ಲದೆ ಸಿಗಬೇಕು.

5. ಭದ್ರಾವತಿಯಲ್ಲಿ ಸರ್ಕಾರಿ ಪ್ರಯೋಗ ಕೇಂದ್ರವನ್ನೂ, ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಮಾದರಿ ಸ್ಥಾವರವನ್ನೂ ತೆರೆಯಬೇಕು.

6. ಎಷ್ಟು ಹೊಗೆ ಹಿಡಿಯಿತು, ಎಷ್ಟು ವಿದ್ಯುತ್ತು ತಿಂದಿತು, ಆ ವಿದ್ಯುತ್ತು ಎಲ್ಲಿಂದ ಬಂತು ಎಂಬ ಲೆಕ್ಕವನ್ನು ಪ್ರತಿ ಕಾರ್ಖಾನೆಯೂ ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಿಸಿ ಸುತ್ತಲ ಗ್ರಾಮಸಭೆಗಳ ಮುಂದಿಡಬೇಕು.

ಕೊನೆಯ ಬೇಡಿಕೆ ಸಣ್ಣದೆಂದು ಯಾರೂ ಭಾವಿಸಬಾರದು. 1951ರಲ್ಲಿ ಕಾಗೋಡಿನ ಗೇಣಿದಾರರ ಹೋರಾಟ ಹೊತ್ತಿಕೊಂಡದ್ದು ಭತ್ತ ಅಳೆಯುವ ಕೊಳಗದಿಂದ. ಗೇಣಿಯ ಭತ್ತ ಅಳೆಯುವಾಗ ಧಣಿಯ ಕೊಳಗ ದೊಡ್ಡದಾಗುತ್ತಿತ್ತು. ಸರಿಯಾದ ಕೊಳಗ ಇಡಿ ಎಂದು ಕೇಳಿದವರು ಕೊನೆಗೆ ಉಳುವವನೇ ಹೊಲದೊಡೆಯ ಎಂಬ ಮಾತಿನವರೆಗೆ ನಡೆದರು. ಇಂದು ಹೊಗೆಯನ್ನು ಅಳೆಯುವ ಕೊಳಗ ಕಾರ್ಖಾನೆಯ ಒಡೆಯರ ಕೈಯಲ್ಲಿದೆ. ನುಂಗಿದ ಹೊಗೆಯನ್ನು ಅವರು ದೊಡ್ಡ ಕೊಳಗದಲ್ಲಿ ಅಳೆಯುತ್ತಾರೆ, ಉಗುಳಿದ ಹೊಗೆಯನ್ನು ಚಿಕ್ಕ ಕೊಳಗದಲ್ಲಿ. ಆ ಕೊಳಗ ಜನರ ಕೈಗೆ ಬರಬೇಕು. ಅದು ಬಂದ ದಿನ ಈ ವಿದ್ಯೆಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದು ತಾನಾಗಿ ಗೊತ್ತಾಗುತ್ತದೆ.